ಹದಿನಾರು ಸೆಕೆಂಡು ಖಾಲಿ

ಅರಸೀಕೆರೆ ಜಂಕ್ಷನ್ನಿನ ಬೆನ್ನಿಗೆ, ಟೈರು ರೀಸೋಲಿನ ಅಂಗಡಿ ಮೇಲೆ
ನನ್ನ ಸ್ಟುಡಿಯೊ. ಗಂಟೆಗೆ ಆರುನೂರು, ಕರೆಂಟು ಹೋದಷ್ಟು ಹೊತ್ತು ಮಾಫಿ.
ಗೋಡೆಗೆ ಮೊಟ್ಟೆ ಟ್ರೇ, ಕಿಟಕಿಗೆ ಹಳೇ ಹಾಸಿಗೆ,
ಆದರೂ ರೈಲು ಒಳಗೆ ಬರುತ್ತದೆ, ಚಪ್ಪಲಿ ಬಿಡದೆ.

ಕೊಬ್ಬರಿ ಟೆಂಡರಿನ ಪ್ರಕಟಣೆ,
ಹಳೇ ಕಬ್ಬಿಣ ಹಳೇ ಪೇಪರ್ ಕೊಳ್ಳುವವನ ಕೂಗು,
ಅದು ನನ್ನದೇ ದನಿ, ಕಡೂರಿನ ತನಕ ಗಲ್ಲಿ ಸುತ್ತುತ್ತಿದೆ.
ಚುನಾವಣೆ ಬಂದರೆ
ಒಂದೇ ರಾಗಕ್ಕೆ ಮೂರು ಪಕ್ಷ.

ಮಾರ್ಚಿನಲ್ಲಿ ಚರ್ಚಿನ ಗಾನವೃಂದ ಬಂತು,
ಪಾಸ್ಕ ಹಬ್ಬಕ್ಕೊಂದು ಹಾಡು, ಯೂಟ್ಯೂಬಿಗೆ.
ಕೀಬೋರ್ಡಿಗೆ ಎಲ್ವಿನ್ ಚೌರಪ್ಪ, ಮೀಸೆ ಈಗಷ್ಟೇ.
ಬರೆದದ್ದೂ ಹಾಡುವುದೂ ಜಪಮಾಲಮ್ಮ,
ಇಪ್ಪತ್ತು ವರ್ಷ ಶಾಲೆಯಲ್ಲಿ ಬಿಸಿಯೂಟ ಬೇಯಿಸಿದವರು.
ಇನ್ನೂರು ಮಕ್ಕಳ ಗದ್ದಲದ ಮೇಲೆ ತಟ್ಟೆ ತೊಳೀರೋ ಎಂದ ಗಂಟಲು.
ಮೈಕಿಗೆ ಎರಡು ಅಡಿ ಹಿಂದೆ ನಿಲ್ಲಿಸಿದೆ.
ಆಮೇಲೆ ಮೂರು.

‘ತೋಟದ ಮಾಲಿ ಅಂದುಕೊಂಡೆ,
ಹೆಸರು ಹಿಡಿದು ಕರೆದೆಯಲ್ಲ’
ಅಲ್ಲಿ ತನಕ ಬಂದು, ಪಲ್ಲವಿಯ ಬಾಗಿಲಲ್ಲಿ
ಬಾಯಿ ಮುಚ್ಚಿಕೊಂಡರು.
ಕಿವಿಯಲ್ಲಿ ತಾಳ ಟಿಕ್ ಟಿಕ್ ಎನ್ನುತ್ತಲೇ ಇತ್ತು.

‘ಇದು ತಪಸ್ಸುಕಾಲ ಕಣಪ್ಪ.
ಅಲ್ಲಿರೋ ಪದ ಈಗ ಆಡಂಗಿಲ್ಲ,
ಹಬ್ಬದ ರಾತ್ರಿಗಂಟ.’

ಎಲ್ವಿನ್ ತಲೆ ಚಚ್ಚಿಕೊಂಡ:
ಅಜ್ಜೀ, ಇದು ಪೂಜೆ ಅಲ್ಲ, ರೆಕಾರ್ಡಿಂಗು!
ಮಂಗಳೂರಿನವರು ಜನವರಿಯಲ್ಲೇ ಮುಗಿಸಿ ಕೂತಿದ್ದಾರೆ.
ಫಾದರಿಗೆ ಫೋನು ಹೋಯಿತು. ಅವರು ನಕ್ಕು,
ತಪ್ಪೇನಿಲ್ಲಮ್ಮ, ಹಾಡಿ ಅಂದರು.
‘ಅವರಿಗೆ ತಪ್ಪಿಲ್ಲ. ನನಗೆ ಬರಾಕಿಲ್ಲ.’

ನಾನು ಬಾಯಿ ಹಾಕಲಿಲ್ಲ.
ನಮ್ಮವ್ವ ಒಂದು ದಿನಕ್ಕೂ ದೀಪ ಆರಿಸು ಅಂದವಳಲ್ಲ.
ದೊಡ್ಡದು ಮಾಡು ಅನ್ನುವಳು,
ಮಾಡಿದರೆ ಕತ್ತಲಾಗುವುದು.
ರಾತ್ರಿ ಹೊತ್ತು ಹಾವಿಗೆ ಹುಳ ಅನ್ನುವಳು.
ಮೂರು ಕಡೆ, ಹದಿನಾರು ಹದಿನಾರು ಸೆಕೆಂಡು ಖಾಲಿ ಬಿಟ್ಟು
ಫೈಲಿಗೆ ‘ಜಪಮಾಲಮ್ಮ ಬಾಕಿ’ ಎಂದು ಹೆಸರಿಟ್ಟೆ.

ಐದು ವಾರ.
ಗಿರಾಕಿ ಇಲ್ಲದ ಮಧ್ಯಾಹ್ನ ಅದನ್ನೇ ಹಾಕಿಕೊಂಡು ಕೂರುತ್ತಿದ್ದೆ.
ಫ್ಯಾನು. ಬಳೆ. ಎಂಜಲು ನುಂಗಿದ ಸದ್ದು.
ಹುಬ್ಬಳ್ಳಿ ಗಾಡಿ ನಲವತ್ತು ನಿಮಿಷ ತಡವೆಂದು
ದೂರದಲ್ಲಿ ಯಾರೋ ಹೆಣ್ಣು.
ಒಮ್ಮೆ ಗದ್ದಲ ತೆಗೆಯುವ ಗುಂಡಿ ಒತ್ತಿಬಿಟ್ಟೆ.
ಏನೂ ಉಳಿಯಲಿಲ್ಲ. ಭಯವಾಗಿ
ಎಲ್ಲವನ್ನೂ ವಾಪಸು ತಂದು ಇಟ್ಟೆ, ಬಳೆ ಸಮೇತ.

ಹಬ್ಬದ ರಾತ್ರಿ ಒಂದೂವರೆಗೆ ಫೋನು.
ಗೂಡ್ಸ್ ಆಟೊದಲ್ಲಿ ಹನ್ನೊಂದು ಜನ,
ತೋಳಿನ ಮೇಲೆ ಮೇಣದ ಹನಿ, ಕೂದಲಲ್ಲಿ ಸಾಂಬ್ರಾಣಿ,
ಟೈರು ಅಂಗಡಿಯ ನಾಯಿ ಬೊಗಳಲು ಮರೆತು ನೋಡಿತು.
ಮೂರು ಗಂಟೆ ಹಾಡಿ ಬಂದ ದನಿ ಅಜ್ಜಿಯದು,
ಕಾದ ಹಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ.
ನಾಳೆ ಮಾಡೋಣ ಅಂದ ಎಲ್ವಿನ್.
‘ಹಾಕಪ್ಪ’ ಅಂದರು ನನಗೆ.

ಆ ಒಡೆದ ಗಂಟಲಿಗೆಂದು ಗುಂಡಿ ಏರಿಸಿಟ್ಟೆ.
ಮೂರು ಅಡಿಯ ಗುರುತು ದಾಟಿ ಮೈಕಿಗೆ ಮುಖ ಕೊಟ್ಟು
ಅಲ್ಲೆಲೂಯ
ಅಂದದ್ದೇ ತಡ, ಮುಳ್ಳು ಕೆಂಪಿಗೆ ಹಾರಿ ಅಲ್ಲೇ ನಿಂತಿತು.
ತಪ್ಪು ನನ್ನದು. ದನಿ ಹರಿದುಹೋಗಿತ್ತು
ಎರಡನೇ ಅಕ್ಷರದಲ್ಲೇ.
ಇನ್ನೊಂದು ಸಲ ಎನ್ನಲು ತಲೆಯೆತ್ತಿದರೆ
ನೆಲದ ಮೇಲೆ ಕಾಲು ಚಾಚಿ ಕೂತು, ನೀರು ಕೇಳುತ್ತಿದ್ದರು.

ಗಂಟೆ ಲೆಕ್ಕ ಹಾಕಿ ಎಣಿಸಿದರು ನೂರರ ನೋಟು.
‘ಖಾಲಿ ಬಿಟ್ಟಿದ್ಯಲ್ಲ, ಅದನ್ನೂ ಸೇರಿಸ್ಕೋ.’
ಸೇರಿಸಿಕೊಳ್ಳಲಿಲ್ಲ. ಸೇರಿಸಿಕೊಳ್ಳಬೇಕಿತ್ತೇನೋ.

ಆರಕ್ಕೆ ಹಾಡು ಮೇಲೇರಿತು, ಹರಿದ ಜಾಗ ಹಾಗೇ ಇದೆ.
ಮಧ್ಯಾಹ್ನಕ್ಕೆ ನೋಡಿದವರು ನೂರ ನಲವತ್ತು,
ಅದರಲ್ಲಿ ಹತ್ತು ಸಲ ನಾನೇ.
ಅದಕ್ಕೂ ಮೊದಲು, ಆಟೊ ಹೋದ ಮೇಲೆ,
ಹಾಸಿಗೆ ಸರಿಸಿ ನೋಡಿದೆ. ಪ್ಲಾಟ್‌ಫಾರಂ ಬೆಳ್ಳಗಾಗುತ್ತಿತ್ತು.
ಟ್ಯೂಬ್‌ಲೈಟಿನ ಸ್ವಿಚ್ಚಿಗೆ ಕೈಯಿಟ್ಟು
ದೊಡ್ಡದು ಮಾಡಿದೆ.